ಕೋಟನೂರ ಮುಟ್ಟುವ ತನಕ

ಮುಳ್ಳು ಅರ್ಧ ದಾಟಿತು. ಕಮಲಾಪುರ ಬಿಟ್ಟು ಇನ್ನೂ ಎಂಟು ಕಿಲೋಮೀಟರ್ ಆಗಿರಲಿಲ್ಲ.

ಸ್ಟೀರಿಂಗ್ ಹಿಡಿದಿದ್ದ ದುಂಡಮ್ಮನ ಕಣ್ಣು ಅದರ ಮೇಲೇ ಇತ್ತು. ಪಕ್ಕದಲ್ಲಿ ಮೈದುನ ಮಾಳಿಂಗ ಕೂತಿದ್ದ. ಅವನ ಕಣ್ಣೂ ಅಲ್ಲೇ ಇತ್ತು. ಆ ಮುಳ್ಳು ಇಂಜಿನ್ನಿನ ಕಾವು ತೋರಿಸುತ್ತದೆ. ಕೆಂಪು ಗೆರೆ ದಾಟಿತೆಂದರೆ ಇಂಜಿನ್ ಹೋದಂತೆಯೇ.

"ವೈನಿ, ಏರಾಕತ್ತದ."

"ನನಗೂ ಕಣ್ಣವ."

ಅವಳು ಹೀಟರ್ ತಿರುವಿದಳು. ಮೇ ತಿಂಗಳು. ಹೊರಗೆ ಬೆಂಕಿ ಸುರಿದಂಥ ಬಿಸಿಲು. ಒಳಗೂ ಬಿಸಿ ಗಾಳಿ ನುಗ್ಗಿತು.

"ತಲಿ ಕೆಟ್ಟದೇನ್ ನಿಂದು? ಬ್ಯಾಸಗ್ಯಾಗ ಹೀಟರ್ ಹಚ್ತಿ?"

"ಇಂಜಿನ್ ಕಾವು ಒಳಗ ಬರ್ತದ. ಅದಕ್ಕಷ್ಟು ಹಗುರ ಆಗ್ತದ. ನಿಮ್ಮಣ್ಣ ಹೇಳಿಕೊಟ್ಟದ್ದು. ಕಿಟಕಿ ಇಳಸು."

ಮಾಳಿಂಗ ಕಿಟಕಿ ಇಳಿಸಿದ. ಬೆವರು ಅವನ ಗದ್ದದಿಂದ ಅಂಗಿಗೆ ತೊಟ್ಟಿಕ್ಕುತ್ತಿತ್ತು. ಮುಳ್ಳು ಒಂದು ಕೂದಲಿನಷ್ಟು ಕೆಳಗೆ ಬಂತು.

ಗಾಡಿ ಅವಳ ಗಂಡ ಪೀರಪ್ಪ ಕೊಂಡದ್ದು. ಹದಿನಾಲ್ಕು ವರ್ಷದ ಹಳೆಯ ಬಿಳಿ ಡೀಸೆಲ್ ಕಾರು. ಇಬ್ಬರ ಕೈ ದಾಟಿ ಅವನಿಗೆ ಬಂದಿತ್ತು. ಕಾಗದಪತ್ರ ಮಾತ್ರ ತಮ್ಮ ಮಾಳಿಂಗನ ಹೆಸರಿನಲ್ಲಿ. ಪೀರಪ್ಪ ಬಸುರಿಯರನ್ನು, ಬಾಣಂತಿಯರನ್ನು ಕಮಲಾಪುರದಿಂದ ಕಲಬುರಗಿ ದವಾಖಾನೆಗೆ ಮುಟ್ಟಿಸುತ್ತಿದ್ದ. ಹೆಂಡತಿಗೂ ಬೀಳು ಹೊಲದಲ್ಲಿ ಗಾಡಿ ಕಲಿಸಿದ್ದ. ಆರು ತಿಂಗಳ ಹಿಂದೆ ಊಟಕ್ಕೆ ಕೂತವನು ಏಳಲಿಲ್ಲ. ಎದೆ ಹಿಡಿದುಕೊಂಡ, ಅಷ್ಟೆ. ತಿಂಗಳು ಕಳೆದ ಮೇಲೆ ದುಂಡಮ್ಮನೇ ಗಾಡಿ ತೆಗೆದಳು. ಹೆಂಗಸೇ ನಡೆಸುತ್ತಾಳೆಂದು ಬಸುರಿಯರ ಮನೆಯವರು ಅವಳನ್ನೇ ಕರೆದರು.

ಹದಿನೈದು ದಿನದಿಂದ ಗಾಡಿ ಕುದಿಯತೊಡಗಿತ್ತು. ಊರಿನ ಗಾಡಿ ಮೇಸ್ತ್ರಿ ಪರ್ವೇಜ್ ಇಂದು ಬೆಳಿಗ್ಗೆ ಬಾನೆಟ್ ಎತ್ತಿ, ಕುದಿಯುವ ನೀರು ನೋಡಿ, ಮುಚ್ಚಿಬಿಟ್ಟ. "ಹೆಡ್ ಹೋಗ್ಯದ. ಇಂಜಿನ್ ಖತಂ." ಹೆಡ್ ಎಂದರೆ ಇಂಜಿನ್ನಿನ ಮೇಲಿನ ಮುಚ್ಚಳ. ಮಾಳಿಂಗ ಅಲ್ಲೇ ನಿಂತು ಗುಜರಿಯವನಿಗೆ ಫೋನ್ ಹಚ್ಚಿದ. ಹಳೇ ಗಾಡಿ ಒಡೆದು ತೂಕಕ್ಕೆ ಮಾರುವವನು ಅವನು.

ದುಂಡಮ್ಮ ಒಪ್ಪಲಿಲ್ಲ. "ಕೋಟನೂರಾಗ ಫಕ್ರುದ್ದೀನ್ ಭಾಯಿ ನೋಡ್ಲಿ. ಅವ್ರೂ ಹೋಗ್ಯದ ಅಂದ್ರ ನಾನೇ ಗುಜರಿಗೆ ಬಿಟ್ಟು ಬರ್ತೀನಿ."

"ಕೋಟನೂರ ಅಂದ್ರ ಕಲಬುರಗಿ ದಾಟಿ ಆಚಿ ಬಾಜೂ. ಮುಟ್ಟಿದರ ತೋರ್ಸು. ದಾರ್ಯಾಗ ನಿಂತ್ರ ಅಲ್ಲಿಂದ್ಲೇ ಗುಜರಿಗೆ. ಮತ್ತ ಮಾತಿಲ್ಲ."

"ಮಾತಿಲ್ಲ" ಎಂದಿದ್ದಳು.

ಮಹಾಗಾಂವ ಕ್ರಾಸ್ ಹತ್ತಿರ ಮುಳ್ಳು ಕೆಂಪಿನ ಅಂಚಿಗೆ ಬಂತು. ಅವಳು ಬೇವಿನ ಮರದ ಕೆಳಗೆ ಗಾಡಿ ತಿರುಗಿಸಿ ಬಂದ್ ಮಾಡಿದಳು. ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಹಬೆ ಎದ್ದಿತು. ಮಾಳಿಂಗ ನೀರಿನ ಕ್ಯಾನ್ ಹಿಡಿದು ಓಡಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ.

ದುಂಡಮ್ಮ ಅವನ ರಟ್ಟೆ ಹಿಡಿದು ಎಳೆದಳು.

"ಮಾರಿ ಸುಟ್ಕೋತಿ! ನಿಮ್ಮಣ್ಣನ ಮುಂಗೈ ಮ್ಯಾಲಿನ ಸುಟ್ಟ ಕಲಿ ನೋಡಿಲ್ಲೇನು? ಹಿಂಗೇ ತಗದದ್ದು."

ಮಾಳಿಂಗ ಹಿಂದೆ ಸರಿದ. ಅಣ್ಣನ ಮಾತು ಬಂದರೆ ಅವನ ದನಿ ಗಡುಸಾಗುತ್ತದೆ. "ನಿಂತು ಹೋಯ್ತಲ್ಲ ಗಾಡಿ. ಮಾತು ನೆನಪದ ಇಲ್ಲ?"

"ನಿಂತಿಲ್ಲ. ನಿಂದ್ರಿಸೀನಿ."

"ಹಾಂ, ಭಾಳ ಶಾಣ್ಯಾ ಇದ್ದಿ." ಅವನು ಫೋನ್ ತೆಗೆದ. "ಮಹಾಗಾಂವ ಕ್ರಾಸಿಗೆ ಟ್ರ್ಯಾಕ್ಟರ್ ತಗೊಂಡ ಬಾ... ಹೂಂ, ಹಗ್ಗ ತಗೊಂಡೇ ಬಾ."

ದುಂಡಮ್ಮ ಬಾನೆಟ್ ಎತ್ತಿದಳು. ಎಣ್ಣೆ ಅಳೆಯುವ ಕಡ್ಡಿ ಎಳೆದು ಸೆರಗಿಗೆ ಒರೆಸಿ, ಮತ್ತೆ ಅದ್ದಿ ನೋಡಿದಳು. ಎಣ್ಣೆ ಕರ್ರಗಿತ್ತು. ಹೆಡ್ ಹೋಗಿದ್ದರೆ ನೀರು ಬೆರೆತು ಹಾಲು ಚಹಾದಂತೆ ಆಗಬೇಕಿತ್ತು. ಗಾಡಿ ಬಂದ್ ಆದರೂ ಫ್ಯಾನ್ ತಿರುಗುತ್ತಲೇ ಇತ್ತು. ಪೈಪ್ ಎಲ್ಲೂ ಒಡೆದಿರಲಿಲ್ಲ. ಹಿಂದೆ ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬಂದಿರಲಿಲ್ಲ. ಹಾಗಾದರೆ ಏನು? ಮೇಲಿನ ಪೈಪಿನ ಹತ್ತಿರ ಕೈ ಒಯ್ದರೆ ಸುಡುತ್ತಿತ್ತು. ಕೆಳಗಿನ ಪೈಪು ಬರೀ ಬೆಚ್ಚಗಿತ್ತು.

ಅವಳ ಕೈ ಅಲ್ಲೇ ನಿಂತಿತು. ನೀರು ಕೆಳಗೆ ಇಳಿಯುತ್ತಿಲ್ಲ. ನಡುವೆ ಏನೋ ಕಟ್ಟಿದೆ.

ಏನು ಕಟ್ಟಿದೆ ಎಂಬುದು ಹೊಳೆದಾಗ ಅವಳು ಕೈ ಹಿಂದಕ್ಕೆ ತೆಗೆದಳು.

ಪೀರಪ್ಪ ರೇಡಿಯೇಟರ್ ಸೋರಿದಾಗಲೆಲ್ಲ ಚಿಟಿಕೆ ಅರಿಶಿಣ ಹಾಕುತ್ತಿದ್ದ. ಹಳೇ ಡ್ರೈವರ್‌ಗಳೆಲ್ಲ ಹಾಗೇ ಮಾಡುತ್ತಾರೆ. ಸಣ್ಣ ತೂತು ಮುಚ್ಚುತ್ತದೆ. "ನಿನ್ನ ಗಲ್ಲಕ್ಕ ಕಮ್ಮಿ ಬಿದ್ರೂ ನಡೀತದ, ನನ್ನ ಗಾಡಿಗೆ ಬೀಳಬಾರದು" ಎಂದು ಅವಳ ಡಬ್ಬಿಯಿಂದಲೇ ಕದಿಯುತ್ತಿದ್ದ. ಅವನು ಸತ್ತ ಮೇಲೆ ಹೆಂಗಸರು ಅವಳ ಬಳೆ ಒಡೆದರು. ಮುಖಕ್ಕೆ ಹಚ್ಚುವ ಅರಿಶಿಣದ ಡಬ್ಬಿ ಇನ್ನು ನಿನಗೇಕೆ ಎಂದರು. ತಿಪ್ಪೆಗೆ ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಕಳೆದ ತಿಂಗಳು ಗಾಡಿ ಸೋರಿತು. ಇಡೀ ಡಬ್ಬಿ ರೇಡಿಯೇಟರಿಗೆ ಸುರಿದಳು. ಅವನ ಗಾಡಿಗೇ ಹೋಗಲಿ ಎಂದು.

ಗಾಡಿಯ ಗಂಟಲು ಕಟ್ಟಿದ್ದು ಅವಳೇ.

ಮುಕ್ಕಾಲು ತಾಸು ಕಾದಳು. ಬಟ್ಟೆ ಸುತ್ತಿ ಮುಚ್ಚಳ ಸಡಿಲಿಸಿ ನೀರು ತುಂಬಿದಳು. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು.

"ಮಾಳಿಂಗ, ಹತ್ತು."

"ಟ್ರ್ಯಾಕ್ಟರ್ ಬಂತಲ್ಲ..."

"ಹತ್ತತೀಯೋ, ಇಲ್ಲೇ ಇರ್ತೀಯೋ?"

ಅವನು ಹತ್ತಿದ. ಹಿಂದೆಯೇ ಬಾ ಎಂದು ಟ್ರ್ಯಾಕ್ಟರಿನವನಿಗೆ ಫೋನಿನಲ್ಲಿ ಹೇಳಿದ.

ಅಲ್ಲಿಂದ ಅವಳು ಸೈಕಲ್ಲಿನಷ್ಟು ಮೆತ್ತಗೆ ನಡೆಸಿದಳು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಟ್ಟಲಿಲ್ಲ. ಲಾರಿಗಳು ಹಾರ್ನ್ ಹೊಡೆದು ಬೈದು ಮುಂದೆ ಹೋದವು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಮುಳ್ಳು ಮತ್ತೆ ಏರಿತು. ಅರವತ್ತು ಸೆಕೆಂಡು. ಅವಳು ಇಂಜಿನ್ ಬಂದ್ ಮಾಡಿದಳು. ಮತ್ತೆ ಚಾಲೂ ಆಗದಿದ್ದರೆ? ಮಾಳಿಂಗ ಸಿಗ್ನಲ್ಲಿನ ಅಂಕಿಗಳನ್ನು ಬಾಯಲ್ಲೇ ಓದುತ್ತಿದ್ದ. ಐದು, ನಾಲ್ಕು, ಮೂರು. ಕೀಲಿ ತಿರುವಿದಳು. ಕೆಮ್ಮಿತು. ಮತ್ತೆ ತಿರುವಿದಳು. ಎದ್ದಿತು.

"ಯಪ್ಪಾ" ಎಂದ ಮಾಳಿಂಗ. ತಾನು ಯಾರ ಕಡೆ ಎಂಬುದು ಆ ಗಳಿಗೆ ಅವನಿಗೆ ಮರೆತಿತ್ತು.

ಜೇವರ್ಗಿ ಕಾಲೋನಿ ದಾಟಿತು. ಕೋಟನೂರಿನ ತಗಡಿನ ಶೆಡ್ಡಿನ ಮುಂದೆ ಗಾಡಿ ನಿಂತಾಗ ಮುಳ್ಳು ಕೆಂಪಿನ ಮೇಲೆಯೇ ಇತ್ತು.

ಫಕ್ರುದ್ದೀನ್ ಕೈ ಒರೆಸುತ್ತ ಬಂದ. ಪೀರಪ್ಪನ ಗಾಡಿಯನ್ನು ಮೊದಲಿನಿಂದ ಬಲ್ಲವನು. "ಕ್ಯಾ ಭಾಬಿ, ಭಟ್ಟಿ ತಗೊಂಡು ಬಂದೀರಿ?"

"ಹೆಡ್ ಹೋಗ್ಯದಂತ್ರೀ ಭಾಯಿ" ಎಂದ ಮಾಳಿಂಗ.

"ಯಾರ್ ಅಂದ್ರು? ಕುದಿಯೋ ನೀರ್ ನೋಡಿ ಹೆಡ್ ಅಂತಾರೇನು? ಠಂಡಾ ಆಗ್ಲಿ ಮೊದ್ಲ."

ತಣ್ಣಗಾದ ಮೇಲೆ ಮುಚ್ಚಳ ತೆರೆದಿಟ್ಟು ಗಾಡಿ ಚಾಲೂ ಮಾಡಿಸಿದ. ನೀರಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. "ಹೆಡ್ ಸಾಬೂತ್ ಅದ, ಏನೂ ಆಗಿಲ್ಲ" ಎಂದ.

ರೇಡಿಯೇಟರ್ ಬಿಚ್ಚಿ ಕೆಳಗಿನ ಬಾಯಿಗೆ ನೀರಿನ ಪೈಪ್ ಹಚ್ಚಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಮೇಲಿನ ಬಾಯಿಂದ ಹಳದಿ ರಾಡಿ ಬುಳುಬುಳು ಬಂತು.

"ಅರೆ! ಇದೇನ್ ಲಗ್ನದ ಮನೀನ? ಯಾರ್ ಹಾಕಿದ್ರೀ ಇಷ್ಟು?"

"ನಾನೇ" ಎಂದಳು ದುಂಡಮ್ಮ. "ಮನ್ಯಾಗ ಇತ್ತು. ಬ್ಯಾರೆ ಯಾತಕ್ಕೂ ಬರ್ತಿರಲಿಲ್ಲ."

ಯಾರೂ ನಗಲಿಲ್ಲ. ಫಕ್ರುದ್ದೀನ್ ಪೈಪ್ ಕಡೆ ನೋಡಿದ. ಮಾಳಿಂಗ ಹೊರಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿದ. "ಬ್ಯಾಡಪ್ಪ, ಟ್ರ್ಯಾಕ್ಟರ್ ಹೊಳ್ಳಸು. ಕೊಡೂದಿಲ್ಲ... ಇಲ್ಲ ಅಂದ್ನಲ್ಲ."

ಅವಳು ಕೂತು ರೇಡಿಯೇಟರನ್ನು ತಾನೇ ತಿಕ್ಕಿದಳು. ನೀರು ತಿಳಿಯಾಗುವ ತನಕ ಬಿಡಲಿಲ್ಲ. ಸೋರುವಲ್ಲಿ ಫಕ್ರುದ್ದೀನ್ ಬೆಸುಗೆ ಹಾಕಿದ. ಹಸಿರು ಕೂಲಂಟ್ ಹುಯ್ದ. "ಇನ್ ಮ್ಯಾಲ ಇದೇ ಹಾಕ್ರಿ. ಬೋರಿನ ನೀರೂ ಬ್ಯಾಡ, ಅದೂ ಬ್ಯಾಡ."

"ಮುಗೀತ್ರಿ ಅದು" ಎಂದಳು.

ಹೊರಡುವಾಗ ಮಾಳಿಂಗ ಸಾಬೂನು ತಂದು ಹಿಡಿದ. "ಕೈ ತೊಳ್ಕೊ ವೈನಿ. ಹಳದಿ ಆಗ್ಯಾವ. ಊರಾಗ ಮಂದಿ ನೋಡ್ತಾರ."

"ನೋಡ್ಲಿ."

ಗಾಡಿ ರಸ್ತೆಗೆ ಬಂತು. ಮುಳ್ಳು ನಡುವಿಗೆ ಬಂದು ಕೂತಿತು. ಸಿಗ್ನಲ್ ದಾಟಿತು, ಕೂತೇ ಇತ್ತು. ಹೀಟರ್ ಇನ್ನೂ ಊದುತ್ತಿತ್ತು, ಅವಳಿಗೆ ಮರೆತೇ ಹೋಗಿತ್ತು. ಮಾಳಿಂಗ ಕೈ ಚಾಚಿ ಬಂದ್ ಮಾಡಿದ.