ಯಾರ ದುಡ್ಡು ಎಂದು ಕೇಳಿದವರು

ಹೂಡಿಕೆ ಸಲಹೆಯ ವೃತ್ತಿಯಲ್ಲಿ ಲಾಭ ತಂದುಕೊಟ್ಟು ಹೆಸರಾದವರು ಅನೇಕರಿದ್ದಾರೆ. ಲಾಭದ ಆಸೆಗೆ ಅಡ್ಡ ನಿಂತೇ ಹೆಸರಾದವರು, ನಾನು ಕಂಡಂತೆ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಒಬ್ಬರೇ. ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಅವರಿಗೆ ಹುದ್ದೆಗಳು ಹಲವು ಒಲಿದು ಬಂದರೂ, ಬೆನ್ನ ಹಿಂದೆ ನಾವಿಟ್ಟ ‘ಬ್ರೇಕ್ ಮೇಡಂ’ ಎಂಬ ಬಿರುದೇ ಗಟ್ಟಿಯಾಗಿ ನಿಂತಿತು. ಹಣ ಯಾರ ಕೆಲಸಕ್ಕೆ ಮೀಸಲೋ ಆ ವ್ಯಕ್ತಿ ಎದುರಿಗೆ ಬಂದು ಕೂರದ ಹೊರತು ಅವರು ಯಾವ ಅರ್ಜಿಗೂ ಸಹಿ ಹಾಕಿಸುತ್ತಿರಲಿಲ್ಲ. ಗಂಡ ಬಂದರೆ ಹೆಂಡತಿಯನ್ನೂ, ಮಗ ಬಂದರೆ ಅಮ್ಮನನ್ನೂ ಕರೆತನ್ನಿ ಎಂದು ವಾಪಸ್ ಕಳಿಸುತ್ತಿದ್ದರು. ಎಷ್ಟೋ ಗಿರಾಕಿಗಳು ಮುಖ ಸಿಂಡರಿಸಿಕೊಂಡು ಎದುರು ಕಚೇರಿಗೆ ಹೋಗಿಬಿಡುತ್ತಿದ್ದರು. ನಾವು ಕಿರಿಯರು ಒಳಗೊಳಗೇ ನಗುತ್ತಿದ್ದೆವು.

ನನ್ನ ನಗು ನಿಂತದ್ದು ಹೇಗೆಂದು ಹೇಳದಿದ್ದರೆ ಈ ಲೇಖನ ಬರೀ ಹೊಗಳಿಕೆಯಾದೀತು.

ನಾನು ಕೆಲಸಕ್ಕೆ ಸೇರಿದ ಆರನೇ ವರ್ಷ ಷೇರು ಪೇಟೆ ದಿನವೂ ಏರುತ್ತಿತ್ತು. ನನ್ನ ತಂಗಿಯ ಎರಡು ಕಿವಿಗಳಿಗೂ ಸೋಂಕು ತಗಲಿ, ನಾಲ್ಕು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಕೇಳಿಸುವುದೇ ನಿಂತೀತೆಂದು ವೈದ್ಯರು ಎಚ್ಚರಿಸಿದ್ದರು. ಅದಕ್ಕೆಂದು ಕೂಡಿಟ್ಟ ಹಣವನ್ನು “ಅಣ್ಣ ನೋಡ್ಕೋತಾನೆ” ಎಂದು ಅವಳು ನನ್ನ ಕೈಗೆ ಕೊಟ್ಟಿದ್ದಳು. ಅವಳನ್ನು ಕೇಳದೆ, ಮೇಡಂಗೂ ತಿಳಿಸದೆ, ಅಷ್ಟನ್ನೂ ಷೇರಿಗೆ ಹಾಕಿದೆ. ಒಂಬತ್ತೇ ದಿನಗಳಲ್ಲಿ ಮೂರರಲ್ಲಿ ಒಂದು ಪಾಲು ಕರಗಿಹೋಯಿತು.

ಗಿರಾಕಿಗಳಿಗೆ ಫೋನಿನಲ್ಲಿ ಧೈರ್ಯ ಹೇಳಿ, ಮರುಕ್ಷಣವೇ ಶೌಚಾಲಯದ ಚಿಲಕ ಹಾಕಿಕೊಂಡು ಮೊಬೈಲಿನಲ್ಲಿ ದರ ನೋಡುತ್ತಿದ್ದೆ. ತಂಗಿಯ ಸಂದೇಶ ಬಂದರೆ ತೆರೆಯದೆ ಮೊಬೈಲನ್ನು ಜೇಬಿಗಿಳಿಸುತ್ತಿದ್ದೆ.

ಹತ್ತನೇ ದಿನ, ಇದನ್ನೆಲ್ಲ ಗಮನಿಸಿದ್ದ ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. “ಎಷ್ಟು ಹೋಯ್ತು ಅಂತ ಕೇಳಲ್ಲ. ಯಾರ ದುಡ್ಡು, ಅದನ್ನ ಹೇಳಿ.” ಹೇಳಿದೆ. “ನಾಳೆ ತಂಗೀನ ಕರ್ಕೊಂಡ್ ಬನ್ನಿ.”

ತಂಗಿ ಬಂದಳು. ನಡೆದದ್ದನ್ನು ಮೇಡಂ ನನ್ನ ಬಾಯಿಂದಲೇ ಹೇಳಿಸಿದರು. ಅವಳಿಗೆ ಕೇಳಿಸಬೇಕೆಂದರೆ ಕೂಗಬೇಕು. ನನ್ನ ತಪ್ಪನ್ನು ನಾನೇ ಎರಡೆರಡು ಸಲ ಕೂಗಿ ಹೇಳಿದೆ. ಹೊರಗೆ ಇಡೀ ಕಚೇರಿಗೆ ಕೇಳಿಸಿತು.

“ಇನ್ನೊಂದ್ ತಿಂಗಳು ಕಾದ್ರೆ ಏರುತ್ತೆ ಮೇಡಂ,” ಎಂದು ಗೋಗರೆದೆ.

“ಏರಬಹುದು, ಇಳೀಬಹುದು. ನಂಗೂ ಗೊತ್ತಿಲ್ಲ. ಆಪರೇಷನ್ ತಾರೀಖು ಮಾತ್ರ ಗೊತ್ತು,” ಎಂದವರೇ ತಂಗಿಯ ಕಡೆ ಬಾಗಿ ದನಿಯೇರಿಸಿ ಕೇಳಿದರು: “ಏನ್ ಮಾಡೋಣಮ್ಮಾ?”

“ಮಾರ್ಬಿಡಿ ಮೇಡಂ. ನಂಗೆ ಭಯ ಆಗ್ತಿದೆ.” ಹಾಗೆನ್ನುವಾಗ ಅವಳು ನೋಡುತ್ತಿದ್ದದ್ದು ನನ್ನನ್ನು.

ಅಂದೇ ಮಾರಿದೆವು. ಮುಂದಿನ ವಾರಗಳಲ್ಲಿ ಪೇಟೆ ಪಾತಾಳ ಕಂಡಿತು. ಉಳಿದಿದ್ದ ಹಣ ಒಂದು ಕಿವಿಗೆ ಸಾಕಾಯಿತು. ಆಪರೇಷನ್ ದಿನ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೆ ನನ್ನ ಪಕ್ಕ ಕೂತಿದ್ದ ಮೇಡಂ, ಒಂದು ಮಾತಿನಿಂದಲೂ ನನ್ನನ್ನು ಚುಚ್ಚಲಿಲ್ಲ. ಎರಡನೆಯ ಕಿವಿಗೆ ನಾನು ಹಣ ಹೊಂದಿಸುವಷ್ಟರಲ್ಲಿ ತೀರಾ ತಡವಾಗಿತ್ತು.

ಮುಂದಿನ ತಿಂಗಳಿಂದ ಅವರ ಕೊಠಡಿಯಲ್ಲಿ ನಾನು ಕೂರಬೇಕಂತೆ. ಪೇಟೆ ಮತ್ತೆ ಏರುತ್ತಿದೆ, ಗಿರಾಕಿಗಳು ಆತುರದಲ್ಲಿದ್ದಾರೆ, ಯಾರ ದುಡ್ಡು ಎಂದು ಕೇಳುವ ಸರದಿ ಈಗ ನನ್ನದು. ಮೇಡಂ ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ, ಬಿಡುವಾದಾಗಲೆಲ್ಲ ಬಂದು ನಮ್ಮನ್ನು ಗದರುತ್ತಿರಲಿ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ. ನನ್ನ ತಂಗಿಗೆ ಇಂದು ಒಂದು ಕಿವಿ ಕೇಳಿಸುತ್ತದೆ, ಒಂದು ಕೇಳಿಸುವುದಿಲ್ಲ. ಕೇಳಿಸುವ ಕಿವಿ ಮೇಡಂ ಉಳಿಸಿದ್ದು. ಇನ್ನೊಂದು ನಾನು ಕಳೆದದ್ದು.