ಸಣ್ಣತ್ತಿಯ ಹೊಟ್ಟಿಬ್ಯಾನಿ

ಮೊನ್ನೆ ಮೊಮ್ಮಗಳು ಕಾದ ಇಸ್ತ್ರಿಪೆಟ್ಟಿಗೆಯನ್ನು ನನ್ನ ಹಳೆಯ ನೂಲಿನ ಸೀರೆಯ ಮೇಲೆ ಮರೆತುಬಿಟ್ಟಳು. ಸುಟ್ಟ ಬಟ್ಟೆಯ ಕಮಟು ಮನೆಯೆಲ್ಲ ಹಬ್ಬಿತು. ಅವಳು ಗಾಬರಿಯಿಂದ ಕಿಟಕಿಗಳನ್ನು ತೆರೆಯುತ್ತಿದ್ದರೆ ನಾನು ಕುಳಿತಲ್ಲಿಂದ ಏಳಲಿಲ್ಲ. ನಮ್ಮ ಸಣ್ಣತ್ತಿ, ಅಂದರೆ ಅಪ್ಪನ ತಂಗಿ, ಒಲೆಯಲ್ಲಿ ಕಾಯಿಸಿದ ಇಟ್ಟಂಗಿಯನ್ನು ಹರಕು ಸೀರೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ಆಕೆ ಹಾದುಹೋದ ಕಡೆಯೆಲ್ಲ ಇದೇ ಕಮಟು ಇರುತ್ತಿತ್ತು…

ನಲವತ್ತೇಳರ ಬೇಸಿಗೆಯಲ್ಲಿ, ಅಫಜಲಪುರದ ಕಡೆ ಇದ್ದ ಗಂಡನ ಮನೆಯಿಂದ ಆಕೆಯನ್ನು ನರೋಣಾದ ನಮ್ಮ ಮನೆಗೆ ಗಾಡಿಯಲ್ಲಿ ತಂದುಬಿಟ್ಟರು. ಗಂಡ ಒಳಗೆ ಬರಲಿಲ್ಲ. ಗಾಡಿಯ ಎತ್ತುಗಳನ್ನೂ ಬಿಚ್ಚದೆ, ಅಂಗಳದಲ್ಲೇ ನಿಂತು ಅಪ್ಪನಿಗೆ ಹೇಳಿದ: "ಆರಾಮ ಆದ ಮ್ಯಾಲ ಹೇಳಿ ಕಳಸ್ರಿ. ಬಂದು ಕರ್ಕೊಂಡು ಹೋಗ್ತೇನಿ." ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಕುಂಟುಬಿದ್ದ ಎತ್ತಿನ ಬಗ್ಗೆಯೂ ಜನ ಅಷ್ಟೇ ಸಮಾಧಾನದಿಂದ ಮಾತಾಡುತ್ತಾರೆ.

ಆಕೆಗೆ ಏನಾಗಿದೆ ಎಂದು ಯಾರಿಗೂ ತಿಳಿಯಲಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ ಕಲ್ಲಿನಂತಾಗುತ್ತಿತ್ತು. ಕರುಳು ಹಿಂಡಿದಂತಾಗಿ ಮೈಯೆಲ್ಲ ಬೆವರುತ್ತಿತ್ತು. ಕೆಲವು ದಿನ ಯಾವ ತೊಂದರೆಯೂ ಇರುತ್ತಿರಲಿಲ್ಲ. ಆ ಒಳ್ಳೆಯ ದಿನಗಳೇ ಆಕೆಗೆ ಮುಳುವಾದವು. ನಿನ್ನೆ ನಗುನಗುತ್ತ ಬುಟ್ಟಿ ತುಂಬ ರೊಟ್ಟಿ ಬಡಿದವಳು ಇವತ್ತು ಮುದುಡಿಕೊಂಡು ಮಲಗಿದರೆ ನಂಬುವವರು ಯಾರು?

ಆಳಂದದ ಹಕೀಮರ ಪುಡಿ ಕುಡಿಸಿದರು. ಯಾರೋ ಹೇಳಿದರೆಂದು ಹೊಕ್ಕುಳ ಸುತ್ತ ಬರೆ ಹಾಕಿಸಿದರು. ಆ ಗಾಯ ಮಾಯುವವರೆಗೆ ಹೊಟ್ಟೆಯ ನೋವನ್ನು ಯಾರೂ ವಿಚಾರಿಸಲಿಲ್ಲ. ಕಡೆಗೆ ಆಯಿ, ನಮ್ಮ ಅಜ್ಜಿ, ಇದು ಗಾಳಿಯದೇ ಕಾಟವೆಂದು, ದೆವ್ವ ಬಿಡಿಸುವ ಗಾಣಗಾಪುರದ ಗುಡಿಗೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಸುತ್ತ ಹೆಂಗಸರು ತಲೆ ಕೆದರಿಕೊಂಡು ಚೀರುತ್ತಿದ್ದರೆ ಸಣ್ಣತ್ತಿ ಕಂಬಕ್ಕೆ ಒರಗಿ, ಮೊಣಕಾಲಿಗೆ ಹೊಟ್ಟೆ ಆನಿಸಿ, ಸುಮ್ಮನೆ ಕುಳಿತಿದ್ದಳು. ದಿನಗಳು ಕಳೆದರೂ ಆಕೆಯ ಬಾಯಿಂದ ಯಾವ ದೆವ್ವವೂ ಮಾತಾಡಲಿಲ್ಲ. ಗಾಡಿಯಲ್ಲಿ ಹಿಂದಿರುಗುವಾಗ ಆಯಿಯ ಮುಖ ಬಾಡಿಹೋಗಿತ್ತು. ಮಗಳ ಮೈಮೇಲೆ ದೆವ್ವ ಇಲ್ಲವಲ್ಲ ಎಂದು ತಾಯಿ ಕೊರಗಿದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಸಣ್ಣತ್ತಿ ಯಾರನ್ನೂ ಕೇಳಲಿಲ್ಲ. ತನ್ನ ಹೊಟ್ಟೆಯನ್ನು ತಾನೇ ಗಮನಿಸತೊಡಗಿದಳು. ಬೇಳೆ, ಕಡಲೆ, ಹಸಿ ಉಳ್ಳಾಗಡ್ಡಿ ಬಿಟ್ಟಳು. ಒಣರೊಟ್ಟಿ ಬಿಟ್ಟಳು. ಜೋಳದ ನುಚ್ಚನ್ನು ಮೆತ್ತಗೆ ಕುದಿಸಿ, ತಿಳಿ ಮಜ್ಜಿಗೆ ಕಲಸಿ, ಸ್ವಲ್ಪ ಸ್ವಲ್ಪವೇ ಉಣ್ಣುತ್ತಿದ್ದಳು. ಉಂಡ ಮೇಲೆ ದನದ ಕೊಟ್ಟಿಗೆಯ ಉದ್ದಕ್ಕೂ ಅಡ್ಡಾಡುತ್ತಿದ್ದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹಿಡಿತಕ್ಕೆ ಬಂತು. ಚಳಿಗಾಲದ ಹೊತ್ತಿಗೆ ಕೆನ್ನೆ ತುಂಬಿಕೊಂಡವು. ಮಧ್ಯಾಹ್ನ ನನ್ನ ತಲೆ ಬಾಚುತ್ತ ಕಣದಲ್ಲಿ ಹಾಡುವ ಹಂತಿಯ ಹಾಡು ಗುನುಗುವಷ್ಟು ಗೆಲುವಾದಳು.

ಗೆಲುವಾದ ಸುದ್ದಿ ಬೀಗರಿಗೆ ಮುಟ್ಟಿತು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಗಂಡನ ತಾಯಿಯೇ ಬಂದಳು. ಸೊಸೆಯನ್ನು ಕರೆದೊಯ್ಯುವ ಮುಂಚೆ ಕಣ್ಣಾರೆ ನೋಡಬೇಕಿತ್ತಂತೆ. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಬನ್ನಿಮರದ ನೆರಳಿಗೆ ಊಟಕ್ಕೆ ಕುಳಿತೆವು. ಸಜ್ಜೆರೊಟ್ಟಿ, ಕಾಳು ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ. ಬೀಗತಿ ತನ್ನ ಕೈಯಾರೆ ಸೊಸೆಯ ಮುಂದೆ ಎಲ್ಲ ಬಡಿಸಿ, "ಉಣ್ಣು. ಆರಾಮ ಆಗೀದಿ ಅಂದ್ರ ನಮ್ಮಂಗ ಉಣ್ಣು, ನೋಡೂಣು," ಎಂದಳು.

ಸಣ್ಣತ್ತಿ ಗಂಗಾಳ ಮುಟ್ಟಲಿಲ್ಲ. "ಇದು ನನಗ ಆಗಿ ಬರಂಗಿಲ್ರಿ ಅತ್ತಿಯವರ. ನುಚ್ಚು ಮಜ್ಜಗಿ ಇದ್ರ ಸಾಕ್ರಿ. ನಿಮ್ಮ ಮನಿ ರೊಟ್ಟಿ ಬಡೀತೇನಿ, ದನದ ಕೆಲಸ ಮಾಡ್ತೇನಿ, ಯಾವುದಕ್ಕೂ ಇಲ್ಲ ಅನ್ನಂಗಿಲ್ರಿ. ಊಟ ಒಂದು ನನಗ ಬಿಡ್ರಿ."

"ನುಚ್ಚು ತಿನ್ನಾಕಿ ಬಸರಾಗಿ ಹಡೀತಾಳೇನ?" ಬೀಗತಿ ಆಯಿಯ ಕಡೆ ತಿರುಗಿದಳು. "ನೋಡ್ರಿ ಬೀಗತೇರ, ಮಂದಿಗಿ ನಾ ಏನಂತ ಹೇಳ್ಲಿ?"

ಆಯಿ ಮಗಳ ಗಲ್ಲ ಹಿಡಿದು ಬೇಡಿಕೊಂಡಳು: "ಇವತ್ತೊಂದು ದಿನ ತಿನ್ನವ್ವಾ. ನಿನ್ನ ಬಾಳೇದ ಸಲುವಾಗಿ ತಿನ್ನು." ಅಪ್ಪ ಬದುವಿನ ಕಡೆ ನೋಡುತ್ತ ಕುಳಿತಿದ್ದ. ಸಣ್ಣತ್ತಿ ತಾಯಿಯ ಮುಖ ನೋಡಿದಳು. ರೊಟ್ಟಿ ಮುರಿದಳು. ಭಜ್ಜಿ, ಹೋಳಿಗೆ, ಏನೂ ಉಳಿಸದೆ ತಿಂದಳು. ಬೀಗತಿಯ ಮುಖ ಅರಳಿತು. ಹೊತ್ತು ಇಳಿಯುವುದರೊಳಗೆ ಸಣ್ಣತ್ತಿ ಅದೇ ಹೊಲದ ಸಾಲಿನಲ್ಲಿ ಬಿದ್ದು ಹೊರಳುತ್ತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡು. ಬೀಗತಿ ಗಾಡಿ ಹೂಡಿಸಿ ಒಬ್ಬಳೇ ಹೋದಳು. ಹೋಗುವಾಗ ಅಂದಳು, "ಬರಬಾರದಂತಲೇ ನಾಟಕ ಮಾಡ್ಯಾಳ."

ಆಯಿಯೂ ಅದನ್ನೇ ನಂಬಿದಳು…

ನಲವತ್ತೆಂಟರಲ್ಲಿ ರಜಾಕಾರರ ಹಾವಳಿ ನಮ್ಮ ಸುತ್ತಲ ಹಳ್ಳಿಗಳಿಗೂ ಬಂತು. ಮನೆಗೆ ಬೀಗ ಹಾಕಿ ನಿಜಾಮನ ಗಡಿ ದಾಟಿ ಸೊಲ್ಲಾಪುರಕ್ಕೆ ಓಡಿದೆವು. ಅಲ್ಲಿ ಅಪ್ಪ ಆಕೆಯನ್ನು ದೊಡ್ಡ ದವಾಖಾನೆಗೆ ತೋರಿಸಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ ಎಂದರಂತೆ. ಅಪ್ಪನಿಗೆ ಭಾರ ಇಳಿದಂತಾಯಿತು. "ಏನೂ ಇಲ್ಲಂತವ್ವಾ, ಸುಮ್ಮ ಮನಸಿಗಿ ಹಚ್ಕೊಂಡೀದಿ," ಎಂದ.

"ಏನೂ ಇಲ್ಲಂದ್ರ ಈ ಬ್ಯಾನಿ ಯಾರದಣ್ಣಾ?" ಎಂದು ಕೇಳಿದಳು ಸಣ್ಣತ್ತಿ. ಅಪ್ಪ ಆಕೆಯನ್ನು ಇನ್ನೊಮ್ಮೆ ದವಾಖಾನೆಗೆ ಕರೆದೊಯ್ಯಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು ನಾವು ಊರಿಗೆ ಮರಳಿದಾಗ ಊರಬಾಗಿಲ ಅಗಸಿಯ ಮುಂದೆ ಸಕ್ಕರೆ ಹಂಚುತ್ತಿದ್ದರು. ಆ ಗದ್ದಲದಲ್ಲೇ ಸುದ್ದಿ ಬಂತು: ಆಕೆಯ ಗಂಡ ಇನ್ನೊಂದು ಮದುವೆಯಾಗಿದ್ದ. ಆಯಿ ಎದೆ ಬಡಿದುಕೊಂಡು ಅತ್ತಳು. ಸಣ್ಣತ್ತಿ ಅಳಲಿಲ್ಲ. "ಆಕಿ ರೊಟ್ಟಿ ತಿಂತಾಳಂತೇನು?" ಎಂದು ಕೇಳಿ, ಒಲೆಯ ಮುಂದೆ ಕುಳಿತು ನುಚ್ಚಿಗೆ ನೀರಿಟ್ಟಳು.

ನಮ್ಮ ಮನೆಯಲ್ಲೇ ಉಳಿದಳು. ಎಲ್ಲರಿಗೂ ರೊಟ್ಟಿ ಬಡಿದಳು, ತಾನು ನುಚ್ಚು ಉಂಡಳು. ಹೊಸದಾಗಿ ಬಂದ ಸೊಸೆಯಂದಿರಿಗೆ ಆ ಬೇರೆ ಗಡಿಗೆ ಕಣ್ಣುಕಿಸುರಾಯಿತು. ಅತ್ತಿಯವರಿಗೆ ದಿನಾ ಬಾಣಂತನ ಎಂದು ಆಡಿಕೊಂಡರು. ನಾನು ಮದುವೆಯಾಗಿ ಜೇವರ್ಗಿಗೆ ಬಂದೆ. ಒಂದು ಮಳೆಗಾಲ ಆಕೆ ತೀರಿಕೊಂಡಳೆಂಬ ಸುದ್ದಿ ಬಂತು. ನಾನು ಮುಟ್ಟುವುದರೊಳಗೆ ಮಣ್ಣು ಮಾಡಿದ್ದರು. ಏನಾಗಿತ್ತು ಎಂದೆ. "ಗೊತ್ತದಲ್ಲ, ಅದೇ," ಎಂದ ಅಪ್ಪ. ಏನೂ ಇಲ್ಲದ ರೋಗಕ್ಕೆ ಹೆಂಗಸೊಬ್ಬಳು ಸತ್ತಿದ್ದಳು.

ಇಸ್ತ್ರಿಯ ಆ ಘಟನೆಯ ಮರುವಾರ ತವರಿಗೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಈಗ ಅವನ ಮೊಮ್ಮಕ್ಕಳದೇ ಸಂಸಾರ. ಅವರ ಪೈಕಿ ಒಬ್ಬನ ಮಗಳು, ಎಳೆಯ ಹುಡುಗಿ, ಹೊಟ್ಟೆ ನೋಯುತ್ತದೆಂದು ತಟ್ಟೆ ದೂಡಿದಳು. ಅವಳ ತಾಯಿ ರೇಗಿದಳು: "ಸಾಕು, ಸಣ್ಣತ್ತಿ ಹೊಟ್ಟಿಬ್ಯಾನಿ ತಗೀಬ್ಯಾಡ. ಸುಮ್ಮ ಉಣ್ಣು."

ಯಾವ ಸಣ್ಣತ್ತಿ ಎಂದು ಕೇಳಿದೆ.

"ಯಾರಿಗ್ಗೊತ್ರಿ ಆಯಿ," ಎಂದು ಆಕೆ ನಕ್ಕಳು. "ಈ ಮನ್ಯಾಗ ನಾಟಕ ಮಾಡೋರಿಗಿ ಮೊದಲಿಂದನೂ ಹಂಗೇ ಅಂತಾರ."

ಸಣ್ಣತ್ತಿಯನ್ನು ಕಂಡವರು ಆ ಮನೆಯಲ್ಲಿ ನನ್ನ ಹೊರತು ಯಾರೂ ಉಳಿದಿರಲಿಲ್ಲ. ಹುಡುಗಿ ಅಳುತ್ತ ರೊಟ್ಟಿ ಮುರಿಯತೊಡಗಿದ್ದಳು. ನಾನು ಅವಳ ಕೈಯಿಂದ ತುತ್ತು ತೆಗೆದಿಟ್ಟು, ಎಲ್ಲಿ ನೋಯುತ್ತದೆ ಎಂದು ಕೇಳಿದೆ.