ನಾಲಿಗೆಯಡಿಯ ಗುಳಿಗೆ

ಮೊದಲ ಸಲ ಆಸ್ಪತ್ರೆಗೆ ಬಂದಾಗ ಅವಳು ಅತ್ತೆಯ ಬೆನ್ನ ಹಿಂದೆ ನಿಂತಿದ್ದಳು. ಐದು ತಿಂಗಳ ಬಸುರಿ. ಉಟ್ಟ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ, ಬಲಗೈ ತುಂಬ ಇಸ್ತ್ರಿಪೆಟ್ಟಿಗೆ ತಾಗಿದ ಸುಟ್ಟ ಗುರುತು. ನರ್ಸ್ ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟರು.

"ಬೆನ್ನುನೋವು ಅಂತ ಶುರು ಮಾಡಿದ್ಳು ಸಿಸ್ಟರ್. ಈಗ ಆ ಗುಳಿಗೆ ಇಲ್ದಿದ್ರೆ ಹಾಸಿಗೆ ಬಿಟ್ಟೇ ಏಳಲ್ಲ."

ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವಳು. ನೋವಿಗೆಂದು ನುಂಗಿದ ಅಫೀಮಿನ ಜಾತಿಯ ಗುಳಿಗೆ ಚಟವಾಗಿ ಅಂಟಿಕೊಂಡುಬಿಟ್ಟಿತ್ತು. ಡಾಕ್ಟರು ಅದರ ಬದಲಿಗೆ, ಚಟದ ಸೆಳೆತ ತಡೆಯುವ ಬೇರೊಂದು ಗುಳಿಗೆ ಬರೆದರು. ದಿನಾ ನರ್ಸ್ ಎದುರಿಗೇ ಅದನ್ನು ನಾಲಿಗೆಯಡಿ ಇಟ್ಟುಕೊಂಡು, ಕರಗುವ ತನಕ ಮಾತಾಡದೆ ಕೂರಬೇಕು.

"ಸೊಸೆ ಅಷ್ಟು ಹೊತ್ತು ಬಾಯಿ ಮುಚ್ಚಿರ್ತಾಳೆ ಅಂದ್ರೆ ನಾನೂ ದಿನಾ ಬರ್ತೀನಪ್ಪ," ಎಂದರು ಅತ್ತೆ. ಬಂದರು ಕೂಡ.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಸೊಸೆ ಗುಳಿಗೆ ಹಿಡಿದ ಕೈಯನ್ನು ಬಾಯಿಗೆ ಒಯ್ದ ಮರುಗಳಿಗೆಯೇ ಅತ್ತೆ ಕೆಣಕಿದರು. "ನಿನ್ನೆ ಯಾರದೋ ಅಂಗಿ ಸುಟ್ಟೆಯಂತೆ."

"ಸುಟ್ಟಿದ್ದು ನಾನಲ್ಲ, ನಿಮ್ಮ ಮಗ."

ನರ್ಸ್ ತಲೆ ಎತ್ತಿದಳು. ನಾಲಿಗೆಯಡಿ ಗುಳಿಗೆ ಇದ್ದವರಿಗೆ ಮಾತು ಇಷ್ಟು ಸಲೀಸಾಗಿ ಹೊರಡುವುದಿಲ್ಲ. ಸೊಸೆಯ ಮೂಗು ಸೋರುತ್ತಿತ್ತು. ತೋಳಿನ ರೋಮ ನಿಮಿರಿ ನಿಂತಿತ್ತು.

"ಮುಷ್ಟಿ ಬಿಚ್ಚಮ್ಮ."

ಗುಳಿಗೆ ಅಂಗೈಯಲ್ಲೇ ಇತ್ತು.

"ಮೊನ್ನೆಯಿಂದ ತಗೊಂಡಿಲ್ಲ," ಎಂದಳು. "ಈ ಗುಳಿಗೆಯಿಂದ ಹುಟ್ಟಿದ ಮೇಲೆ ಮಗು ನಡುಗಬಹುದು ಅಂತ ಡಾಕ್ಟರು ಅಂದ್ರಲ್ಲ. ನಾನು ಬಿಟ್ಬಿಟ್ರೆ ಅದು ಪಾರಾಗತ್ತೆ ಅಂದ್ಕೊಂಡೆ. ರಾತ್ರಿಯಿಂದ ಹೊಟ್ಟೆ ಕಲ್ಲಿನ ಹಾಗೆ ಬಿಗಿತಿದೆ."

ನರ್ಸ್ ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಬಡಿತ ಕೇಳಿಸುವ ಯಂತ್ರ ಇಟ್ಟಳು. ಬರೀ ಗೊರಗೊರ ಸದ್ದು. ಜಾಗ ಬದಲಿಸಿದಳು. ಮತ್ತೆ ಅದೇ. ಅತ್ತೆ ಮಂಚದ ಹತ್ತಿರಕ್ಕೆ ಸರಿದರು. ಮೂರನೆಯ ಜಾಗದಲ್ಲಿ ಮಗುವಿನ ಎದೆಬಡಿತ ಸಿಕ್ಕಿತು, ಓಡುತ್ತಿತ್ತು.

"ಇದೆ. ಆದ್ರೆ ಕೇಳು. ಥಟ್ಟನೆ ಬಿಟ್ರೆ ಒಳಗಿರೋದೂ ಒದ್ದಾಡತ್ತೆ, ಹೆರಿಗೆ ಈಗಲೇ ಶುರುವಾಗ್ಬಹುದು. ಹುಟ್ಟಿದ ಮೇಲಿನ ನಡುಕವನ್ನ ನಾವು ನೋಡ್ಕೋತೀವಿ. ಇಷ್ಟು ಬೇಗ ಹುಟ್ಟಿದ್ರೆ ಕಷ್ಟ."

ಡಾಕ್ಟರೂ ಬಂದು ನೋಡಿ ಅದನ್ನೇ ಹೇಳಿದರು. ಸೊಸೆ ಅತ್ತೆಯ ಕಡೆ ತಿರುಗಿದಳು.

"ನನ್ನ ಮುಖ ಏನು ನೋಡ್ತೀಯ? ಇಟ್ಕೋ."

ಇಟ್ಟುಕೊಂಡಳು. ಸಂಜೆಯ ಹೊತ್ತಿಗೆ ಹೊಟ್ಟೆ ಸಡಿಲವಾಯಿತು.

ದಿನ ತುಂಬಿಯೇ ಹೆಣ್ಣುಮಗು ಹುಟ್ಟಿತು. ಮರುದಿನ ನಡುಕ ಶುರುವಾಯಿತು, ಜೊತೆಗೆ ಕಿವಿ ಸೀಳುವಂಥ ಅಳು. ಮೊಲೆ ಕಚ್ಚಲೂ ಆಗುತ್ತಿಲ್ಲ. ಕೋಣೆಯ ಬೆಳಕು ತಗ್ಗಿಸಿ ಮಗುವನ್ನು ತಾಯಿಯ ಬರಿ ಎದೆಗೆ ಒರಗಿಸಿದರು. ಹಾಲು ಕುಡಿಯದಿದ್ದರೆ ಔಷಧದ ಹನಿ ಹಾಕಲೇಬೇಕು ಎಂದಿದ್ದರು ಡಾಕ್ಟರು.

"ನನ್ನಿಂದ್ಲೇ ಅಲ್ವಾ ಸಿಸ್ಟರ್?"

ನರ್ಸ್ ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಯಾರಿಂದಾದ್ರೂ ಆಗ್ಲಿ. ಈಗ ಹಾಲು ಕೊಡು."

ಹಲವು ಸಲ ಜಾರಿದ ಮೇಲೆ ಮಗು ಮೊಲೆ ಹಿಡಿಯಿತು. ಕುಡಿದು ಮಲಗಿತು. ಹನಿ ಬೇಕಾಗಲಿಲ್ಲ, ನಡುಕ ಪೂರ್ತಿ ನಿಲ್ಲುವವರೆಗೂ ಮೂವರೂ ಆಸ್ಪತ್ರೆಯಲ್ಲೇ ಉಳಿದರು.

ಈಗ ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾಳೆ. ಗುಳಿಗೆ ಇನ್ನೂ ನಿಂತಿಲ್ಲ. ವಾರಕ್ಕೊಮ್ಮೆ ಮಗಳನ್ನು ನಡೆಸಿಕೊಂಡು ಆಸ್ಪತ್ರೆಗೆ ಬಂದು ವಾರಕ್ಕಾಗುವಷ್ಟನ್ನು ಮನೆಗೆ ಒಯ್ಯುತ್ತಾಳೆ.